ಮನೆಗೊಂದು ಡ್ಯಾನ್ಸ್ ಪ್ಯಾಡ್: ಕೊಳ್ಳುವುದಾ, ಮಾಡಿಕೊಳ್ಳುವುದಾ?

ಜೂನ್ ಮುಗಿಯುವ ಹೊತ್ತಿಗೆ ಮಾಣಿ, ಕಲ್ಲಡ್ಕ, ವಿಟ್ಲ ಕಡೆ ಮಕ್ಕಳು ಅಂಗಳಕ್ಕೆ ಇಳಿಯುವ ಹಾಗಿರುವುದಿಲ್ಲ. ಮಳೆ ಜೋರಾದರೆ ಶಾಲೆಗೂ ರಜೆ. ಇಂಥ ದಿನಗಳಲ್ಲೇ ಮನೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ತಿರುಗಾಡುತ್ತದೆ: ಟಿವಿಯಲ್ಲಿ ಬಣ್ಣದ ಬಾಣಗಳು ಮೇಲೇರುತ್ತಿವೆ, ಕೆಳಗೆ ಚಾಪೆಯ ಮೇಲಿನ ಬಾಣಗಳನ್ನು ಮಗುವೊಂದು ತಾಳಕ್ಕೆ ಸರಿಯಾಗಿ ತುಳಿಯುತ್ತಿದೆ. ಅದರ ಜೊತೆಗೆ ಒಂದು ಸಾಲು, "10 ನಿಮಿಷ ಕುಣಿದರೆ 10,000 ಹೆಜ್ಜೆ ನಡೆದಂತೆ." ಇನ್ನೊಬ್ಬರು ಅದಕ್ಕೆ ಉತ್ತರವಾಗಿ ಕಳಿಸುವುದು, "ಇದರೊಳಗೆ ಕರೆಂಟ್ ಇದೆ, ಒದ್ದೆ ಕಾಲಲ್ಲಿ ತುಳಿದರೆ ಜೀವಕ್ಕೇ ಅಪಾಯ."

ಮೊದಲನೆಯದು ಲೆಕ್ಕಕ್ಕೇ ನಿಲ್ಲುವುದಿಲ್ಲ. ಎರಡನೆಯದರಲ್ಲಿ ಸತ್ಯ ಇದೆ, ಆದರೆ ಅವರು ಹೇಳುವ ಜಾಗದಲ್ಲಿ ಇಲ್ಲ. ಎರಡನ್ನೂ ನೋಡೋಣ. ಅದಕ್ಕಿಂತ ಮುಖ್ಯವಾಗಿ, ಪ್ಯಾಡ್ ಬೇಕೆಂದು ಮಗು ಹಟ ಹಿಡಿದಾಗ ಯಾವುದನ್ನು ಕೊಳ್ಳಬೇಕು, ಯಾವುದಕ್ಕೆ ದುಡ್ಡು ಹಾಕಬಾರದು, ಮನೆಯಲ್ಲೇ ಮಾಡಿದರೆ ನಮ್ಮ ಊರಿನ ತೇವಕ್ಕೆ ಅದು ಬಾಳುತ್ತದಾ ಎನ್ನುವುದನ್ನೂ ನೋಡೋಣ.

ಡ್ಯಾನ್ಸ್ ಪ್ಯಾಡ್ ಅಂದರೆ ಕಾಲಿನ ಕೀಬೋರ್ಡ್

ಹೆಸರು ದೊಡ್ಡದಾದರೂ ಒಳಗಿರುವುದು ನಾಲ್ಕು ಸ್ವಿಚ್ಚು: ಎಡ, ಬಲ, ಮುಂದೆ, ಹಿಂದೆ. ತುಳಿದಾಗ ಎರಡು ಲೋಹದ ಹಾಳೆಗಳು ಒಂದಕ್ಕೊಂದು ತಾಗುತ್ತವೆ, ಕಾಲೆತ್ತಿದಾಗ ಬಿಡುತ್ತವೆ. ಕಂಪ್ಯೂಟರಿಗೆ ಅದು ಕೀಬೋರ್ಡಿನ ಬಾಣದ ಕೀಲಿ ಒತ್ತಿದ ಹಾಗೆಯೇ ಕಾಣುತ್ತದೆ.

ಕಾಲಲ್ಲಿ ಆಡುವ ಚಾಪೆ ಹೊಸದೇನೂ ಅಲ್ಲ. ಜಪಾನಿನ ಬಂದಾಯ್ ಕಂಪನಿ 1986ರಲ್ಲೇ ಫ್ಯಾಮಿಲಿ ಟ್ರೇನರ್ ಎಂಬ ಚಾಪೆಯನ್ನು ಮಾರಿತ್ತು. ತಾಳದ ಆಟ ಪ್ರಸಿದ್ಧವಾದದ್ದು 1998ರಲ್ಲಿ ಕೊನಾಮಿ ಕಂಪನಿಯ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ ಯಂತ್ರ ಜಪಾನಿನ ಆಟದ ಅಂಗಡಿಗಳಿಗೆ ಬಂದ ಮೇಲೆ. ಮರುವರ್ಷವೇ ಕೊರಿಯಾದಿಂದ ಪಂಪ್ ಇಟ್ ಅಪ್ ಬಂತು. ಅದರಲ್ಲಿ ಬಾಣಗಳು ನಾಲ್ಕು ಮೂಲೆಗಳಲ್ಲಿರುತ್ತವೆ, ನಡುವೆ ಐದನೆಯ ಗುಂಡಿ. ಇವೆರಡರ ಪ್ಯಾಡ್‌ಗಳು ಬೇರೆ ಬೇರೆ. ಕೊಳ್ಳುವ ಮೊದಲು ಚಿತ್ರದಲ್ಲಿ ಬಾಣಗಳು ಎಲ್ಲಿವೆ ಎಂದು ನೋಡಿಕೊಳ್ಳಿ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ 2006ರಲ್ಲಿ ತನ್ನ 765 ಸರ್ಕಾರಿ ಶಾಲೆಗಳಿಗೂ ಈ ಆಟವನ್ನು ತರುವ ಯೋಜನೆ ಪ್ರಕಟಿಸಿತ್ತು. ಮಕ್ಕಳ ಬೊಜ್ಜು ಅದಕ್ಕೆ ಕಾರಣ. ಆಟಕ್ಕೆ ವ್ಯಾಯಾಮದ ಹೆಸರು ಬಂದದ್ದು ಹೀಗೆಲ್ಲ.

ಆಟಕ್ಕೆ ಬೇಕಾದ ತಂತ್ರಾಂಶಕ್ಕೆ ದುಡ್ಡು ಕೊಡಬೇಕಾಗಿಲ್ಲ. ಸ್ಟೆಪ್‌ಮೇನಿಯಾ ಮತ್ತು ಅದರಿಂದಲೇ ಕವಲೊಡೆದ ಐಟಿಜಿಮೇನಿಯಾ ಎರಡೂ ಉಚಿತ, ಮುಕ್ತ ತಂತ್ರಾಂಶ. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ.

ಹತ್ತು ನಿಮಿಷಕ್ಕೆ ಹತ್ತು ಸಾವಿರ ಹೆಜ್ಜೆ?

ಭಾಗಿಸಿ ನೋಡಿ. 10 ನಿಮಿಷ ಅಂದರೆ 600 ಸೆಕೆಂಡ್. 10,000 ಹೆಜ್ಜೆ ಆಗಬೇಕಾದರೆ ಪ್ರತಿ ಸೆಕೆಂಡಿಗೆ 16ಕ್ಕಿಂತ ಹೆಚ್ಚು ಸಲ ಕಾಲೂರಬೇಕು. ಅದೂ ಹಾಡು ಬದಲಿಸುವಾಗಲೂ ನಿಲ್ಲದೆ. ಯಾರ ಕಾಲಿಗೂ ಇದು ಸಾಧ್ಯವಿಲ್ಲ.

"ಹೆಜ್ಜೆ ಅಲ್ಲ, ಅಷ್ಟು ಕ್ಯಾಲೊರಿ ಕರಗುತ್ತದೆ ಅಂತ ಅರ್ಥ" ಎಂದು ವಾದಿಸುವವರೂ ಇದ್ದಾರೆ. ಅದನ್ನೂ ನೋಡೋಣ. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು 1 ಎಂದಿಟ್ಟುಕೊಂಡು ಬೇರೆ ಬೇರೆ ಚಟುವಟಿಕೆಗಳನ್ನು ಅಳೆಯುವ ಮೆಟ್ ಎಂಬ ಲೆಕ್ಕವಿದೆ. 2011ರಲ್ಲಿ ಪರಿಷ್ಕರಿಸಿದ ಅದರ ಪಟ್ಟಿಯಲ್ಲಿ ಈ ಆಟವನ್ನು ಜೋರಾಗಿ ಆಡಿದರೆ 7.2, ಚುರುಕು ನಡಿಗೆಗೆ 4.3. ತೂಕವನ್ನು ಮೆಟ್‌ನಿಂದ, ಮತ್ತೆ ಗಂಟೆಯಿಂದ ಗುಣಿಸಿದರೆ ಕ್ಯಾಲೊರಿ ಸಿಗುತ್ತದೆ. 60 ಕೆ.ಜಿ. ತೂಗುವವರು ಅರ್ಧ ಗಂಟೆ ಜೋರಾಗಿ ಆಡಿದರೆ ಸುಮಾರು 216 ಕ್ಯಾಲೊರಿ. ಅದೇ ಅರ್ಧ ಗಂಟೆ ಚುರುಕಾಗಿ ನಡೆದರೆ ಸುಮಾರು 129. ಅಂದರೆ ಆಟ ನಡಿಗೆಗಿಂತ ಒಳ್ಳೆಯ ವ್ಯಾಯಾಮವೇ. ಆದರೆ "ಗಂಟೆಗೆ 1,000 ಕ್ಯಾಲೊರಿ" ಎಂಬ ಜಾಹೀರಾತನ್ನು ಕಂಡರೆ ಮುಂದಕ್ಕೆ ಹೋಗಿ. 60 ಕೆ.ಜಿ.ಯವರಿಗೆ ಅದು 16.7 ಮೆಟ್ ಆಗುತ್ತದೆ. ಗಂಟೆಗೆ 16 ಕಿ.ಮೀ. ವೇಗದಲ್ಲಿ ಓಡುವುದಕ್ಕೇ ಪಟ್ಟಿಯಲ್ಲಿ 14.5 ಇರುವುದು.

ಇನ್ನೊಂದು ಮಾತು: 7.2 ಎಂಬುದು ಜೋರಾಗಿ ಆಡುವವರ ಲೆಕ್ಕ. ಮೊದಲ ವಾರ ಬಾಣ ಹುಡುಕುತ್ತಾ ನಿಂತಲ್ಲೇ ನಿಲ್ಲುವವರಿಗೆ ಅಷ್ಟು ಆಗುವುದಿಲ್ಲ.

ಶಾಕ್ ಹೊಡೆಯುತ್ತದಾ?

ಇದು ನಿಜಕ್ಕೂ ಕೇಳಬೇಕಾದ ಪ್ರಶ್ನೆ. ಮಳೆಗಾಲದಲ್ಲಿ ನೆಲವೇ ಬೆವರುವ ಮನೆಗಳು ನಮ್ಮವು. ಅದರಲ್ಲೂ ಆಡುವುದು ಬರಿಗಾಲಲ್ಲಿ.

ಪ್ಯಾಡಿನ ಒಳಗೆ ಇರುವುದು ಯುಎಸ್‌ಬಿ ತಂತಿಯಿಂದ ಬರುವ 5 ವೋಲ್ಟ್. ಮನೆಯಲ್ಲಿ ಮಾಡುವ ಪ್ಯಾಡಿನಲ್ಲಿ ಆ 5 ವೋಲ್ಟ್ ಕೂಡ ನೇರವಾಗಿ ತಗಡಿಗೆ ಬರುವುದಿಲ್ಲ. ಬೋರ್ಡಿನ ಒಳಗೆ ಕನಿಷ್ಠ 20,000 ಓಮ್‌ನಷ್ಟು ರೋಧ ದಾಟಿ ಬರುತ್ತದೆ. ಹಾಗಾಗಿ ಒದ್ದೆ ಕಾಲಿನ ಮೂಲಕ ಹರಿದರೂ ಅದು ಕಾಲು ಮಿಲಿಆಂಪಿಯರ್ ದಾಟದು. ಅಷ್ಟು ಕರೆಂಟು ನಿಮ್ಮ ಗಮನಕ್ಕೂ ಬರುವುದಿಲ್ಲ. ಪ್ಯಾಡ್ ಮಾತ್ರ ಇದ್ದರೆ ಶಾಕ್ ಎಂಬ ಮಾತೇ ಇಲ್ಲ.

ಅಪಾಯ ಇರುವುದು ತಂತಿಯ ಇನ್ನೊಂದು ತುದಿಯಲ್ಲಿ. ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಅದರ ಲೋಹದ ಮೈ ಸವರಿದಾಗ ಬೆರಳು ಜುಂ ಎನ್ನುವುದು ಎಷ್ಟೋ ಜನರಿಗೆ ಗೊತ್ತು. ಎರಡು ಪಿನ್ನಿನ ಅಡಾಪ್ಟರ್‌ಗಳಲ್ಲಿ, ಅಥವಾ ಅರ್ಥಿಂಗ್ ಸರಿಯಿಲ್ಲದ ಪ್ಲಗ್ಗಿನಲ್ಲಿ ಹೀಗೆ ಸಣ್ಣ ಸೋರಿಕೆ ಕರೆಂಟು ಲೋಹದ ಭಾಗಗಳಿಗೆ ಬರುತ್ತದೆ. ಒಳ್ಳೆಯ ಅಡಾಪ್ಟರಿನಲ್ಲಿ ಅದು ಬರೀ ಕಿರಿಕಿರಿ. ಅಗ್ಗದ, ಹೆಸರಿಲ್ಲದ ಚಾರ್ಜರಿನಲ್ಲಿ ಮಾತ್ರ ಹಾಗೆನ್ನಲಾಗದು. ಒಳಗೆ 230 ವೋಲ್ಟ್ ಕಡೆಯನ್ನೂ 5 ವೋಲ್ಟ್ ಕಡೆಯನ್ನೂ ಬೇರ್ಪಡಿಸುವ ನಿರೋಧಕ ಕೆಟ್ಟರೆ ಯುಎಸ್‌ಬಿ ತಂತಿಗೇ ಮೇನ್ಸ್ ಕರೆಂಟು ಬರಬಹುದು. ಆಗ ತಂತಿಯ ತುದಿಯಲ್ಲಿ ಇರುವುದು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಮಗು. ಎರಡನೆಯ ಫಾರ್ವರ್ಡಿನ ಸತ್ಯ ಇರುವುದು ಇಲ್ಲಿ.

ಹಾಗಾಗಿ ನಾವು ಹೇಳುವುದು ಇಷ್ಟು. ಲ್ಯಾಪ್‌ಟಾಪ್ ಆದರೆ ಮೊದಲೇ ಚಾರ್ಜ್ ಮಾಡಿ, ಆಡುವಾಗ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸಿ. ಇದೊಂದರಿಂದಲೇ ಅಪಾಯದ ದೊಡ್ಡ ಪಾಲು ಹೋಗುತ್ತದೆ. ಮೇಜಿನ ಕಂಪ್ಯೂಟರ್ ಆದರೆ ಮೂರು ಪಿನ್ನಿನ ಪ್ಲಗ್, ಕೆಲಸ ಮಾಡುವ ಅರ್ಥಿಂಗ್ ಇರಲೇಬೇಕು. ಹಳೆಯ ಹಂಚಿನ ಮನೆಗಳಲ್ಲಿ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಬಂದಾಗ ಒಮ್ಮೆ ನೋಡಿಸಿ. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಸೋರಿಕೆ ಆದ ಕೂಡಲೇ ಕರೆಂಟು ಕಡಿದುಹೋಗುತ್ತದೆ. ಅದು ಡ್ಯಾನ್ಸ್ ಪ್ಯಾಡಿಗಾಗಿ ಅಲ್ಲ, ಮಿಕ್ಸಿ, ಗೀಸರ್, ಪಂಪು ಇರುವ ಯಾವ ಮನೆಗೂ ಬೇಕಾದದ್ದು.

ಏಪ್ರಿಲ್-ಮೇ ತಿಂಗಳ ಸಂಜೆ ಮತ್ತು ಅಕ್ಟೋಬರಿನ ತುಲಾ ಮಳೆಗೆ ಸಿಡಿಲು ಜೋರು. ಮೋಡೆಂ ಸುಟ್ಟುಹೋದ ಅನುಭವ ಈ ಕಡೆ ಬಹಳ ಮನೆಗಳಿಗೆ ಇದೆ. ಗುಡುಗು ಕೇಳಿಸಿದರೆ ಆಟ ನಿಲ್ಲಿಸಿ, ಪ್ಲಗ್ ಕಿತ್ತಿಡಿ.

ಕೊಳ್ಳುವುದಾದರೆ

ಆನ್‌ಲೈನಿನಲ್ಲಿ ಸಿಗುವುದನ್ನು ಮೂರಾಗಿ ನೋಡಬಹುದು. ಮೊದಲನೆಯದು ಪುಟ್ಟ ಮಕ್ಕಳ ಮ್ಯೂಸಿಕ್ ಮ್ಯಾಟ್. ತುಳಿದರೆ ಸದ್ದು ಮಾಡುತ್ತದೆ, ಬೆಳಕು ಬರುತ್ತದೆ. ಕಂಪ್ಯೂಟರಿಗೆ ಸಿಕ್ಕಿಸುವ ತಂತಿ ಇರುವುದಿಲ್ಲ. ಆಟಿಕೆಯಾಗಿ ಸರಿ, ಬಾಣದ ಆಟಕ್ಕೆ ಉಪಯೋಗವಿಲ್ಲ. ಹುಡುಕಿದಾಗ ಮೊದಲು ಕಾಣುವುದು ಇದೇ ಆದ್ದರಿಂದ ವಿವರಣೆಯಲ್ಲಿ ಯುಎಸ್‌ಬಿ ಎಂದು ಇದೆಯಾ ಎಂದು ಓದಿ.

ಎರಡನೆಯದು ಮಡಚಿಡುವ ಮೆತ್ತನೆಯ ಪ್ಯಾಡ್. ಪ್ಲಾಸ್ಟಿಕ್ ಬಟ್ಟೆಯ ಒಳಗೆ ಲೋಹದ ಲೇಪವಿರುವ ಎರಡು ಹಾಳೆ, ನಡುವೆ ತೂತುಗಳಿರುವ ತೆಳು ಸ್ಪಂಜು. ಕಲಿಯುವವರಿಗೆ ಇದು ಸಾಕು. ತೊಂದರೆ ಎರಡು. ಒಂದು, ಜಾರುತ್ತದೆ. ಕಾವಿ ನೆಲದ ಮೇಲಾಗಲಿ ಟೈಲ್ಸ್ ಮೇಲಾಗಲಿ ನಾಲ್ಕು ಹಾಡು ಮುಗಿಯುವಷ್ಟರಲ್ಲಿ ನೀವು ಟಿವಿಯ ಹತ್ತಿರ ಬಂದಿರುತ್ತೀರಿ. ಎರಡು, ಮಡಚಿದ ಗೆರೆಯಲ್ಲೇ ಒಳಗಿನ ಲೇಪ ಬಿರುಕು ಬಿಟ್ಟು ಒಂದು ಬಾಣ ಸತ್ತುಹೋಗುತ್ತದೆ. ಮಡಚಬೇಡಿ, ಸುರುಳಿ ಸುತ್ತಿ ಇಡಿ.

ಜಾರುವುದಕ್ಕೆ ನಮ್ಮೂರಿನಲ್ಲೇ ಮದ್ದಿದೆ: ಹಟ್ಟಿಯಲ್ಲಿ ದನದ ಕೆಳಗೆ ಹಾಸುವ ರಬ್ಬರ್ ಮ್ಯಾಟ್. ದಪ್ಪ, ಭಾರ, ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಹೊಸ ತುಂಡೊಂದರ ಮೇಲೆ ಪ್ಯಾಡನ್ನು ಎರಡು ಬದಿ ಅಂಟುವ ಟೇಪಿನಿಂದ ಕೂರಿಸಿದರೆ ಅದು ಅಲುಗುವುದಿಲ್ಲ, ಹೆಜ್ಜೆಯ ಸದ್ದೂ ಕೆಳಗಿನ ಮನೆಗೆ ಅಷ್ಟು ಹೋಗುವುದಿಲ್ಲ. ಮಂಗಳೂರು, ಬೆಂಗಳೂರಿನ ಫ್ಲ್ಯಾಟಿನಲ್ಲಿರುವವರಿಗೆ ಎರಡನೆಯದೇ ದೊಡ್ಡ ಲಾಭ. ವಾಸನೆ ಹೋಗಲು ಎರಡು ದಿನ ಬಿಸಿಲು ಬೇಕು, ಅಷ್ಟೆ.

ಮೂರನೆಯದು ಗಟ್ಟಿ ಪ್ಯಾಡ್. ಲೋಹ ಅಥವಾ ಮರದ ಚೌಕಟ್ಟು, ಮೇಲೆ ಪಾಲಿಕಾರ್ಬೊನೇಟ್ ಹಲಗೆ. ಪೋಲೆಂಡಿನ ಎಲ್-ಟೆಕ್‌ನಂಥವು ವಿದೇಶದ ಆಟಗಾರರಲ್ಲಿ ಹೆಸರು ಪಡೆದಿವೆ. ಆದರೆ ಭಾರದ ವಸ್ತು. ಸಾಗಣೆ ಮತ್ತು ಆಮದು ಸುಂಕ ಸೇರಿದರೆ ಪ್ಯಾಡಿನ ಬೆಲೆಗಿಂತ ಮೇಲಿನ ಖರ್ಚೇ ಕಣ್ಣು ಕುಕ್ಕುತ್ತದೆ. ಮಗು ಆರು ತಿಂಗಳು ಬಿಡದೆ ಆಡಿತು ಎನ್ನುವ ಮೊದಲು ಇದರ ಯೋಚನೆ ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ಯಾವುದೇ ಪ್ಯಾಡ್ ಮನೆಗೆ ಬಂದ ದಿನವೇ ಒಂದು ಪರೀಕ್ಷೆ ಮಾಡಿ. ಎಡ ಮತ್ತು ಬಲ ಬಾಣ ಎರಡನ್ನೂ ಒಟ್ಟಿಗೆ ತುಳಿದು ನಿಲ್ಲಿ. ಆಟದಲ್ಲಿ ಇದಕ್ಕೆ ಜಂಪ್ ಎನ್ನುತ್ತಾರೆ, ಪದೇ ಪದೇ ಬರುತ್ತದೆ. ಕೆಲವು ಪ್ಯಾಡ್‌ಗಳು ತಮ್ಮನ್ನು ಗೇಮಿನ ಕೈಪಿಡಿಯ ದಿಕ್ಕಿನ ಗುಂಡಿಯಂತೆ ಕಂಪ್ಯೂಟರಿಗೆ ಪರಿಚಯಿಸಿಕೊಳ್ಳುತ್ತವೆ. ಆ ಲೆಕ್ಕದಲ್ಲಿ ಎಡ ಅಂದರೆ ಮೈನಸ್, ಬಲ ಅಂದರೆ ಪ್ಲಸ್. ಎರಡೂ ಸೇರಿದರೆ ಸೊನ್ನೆ. ನೀವು ಎರಡೂ ಕಾಲು ಊರಿದ್ದೀರಿ, ಕಂಪ್ಯೂಟರಿಗೆ ಏನೂ ಕಾಣಿಸಿಲ್ಲ. ಹೀಗಾದರೆ ಪ್ಯಾಡ್ ಕೆಟ್ಟಿದ್ದಲ್ಲ, ಆಟಕ್ಕೆ ಅದು ಹೊಂದುವುದಿಲ್ಲ. ವಾಪಸು ಕಳಿಸುವ ಅವಧಿ ಮುಗಿಯುವ ಮೊದಲೇ ಗೊತ್ತಾಗಬೇಕಾದ ವಿಷಯ ಇದು.

"ಸರಿಯಾಗಿ ತುಳಿದರೂ ತಪ್ಪು ಎನ್ನುತ್ತದೆ"

ಪ್ಯಾಡ್ ಕೊಂಡವರ ಸಾಮಾನ್ಯ ದೂರು ಇದು. ಆಮೇಲೆ ಬರುವ ಸಲಹೆ, "ಕಮ್ಮಿ ರೇಟಿನದು ಹಾಗೇ, ದುಬಾರಿಯದು ತಗೊಳ್ಳಿ." ಆದರೆ ಬಹಳ ಸಲ ತಪ್ಪು ಪ್ಯಾಡಿನದಲ್ಲ, ಪಕ್ಕದಲ್ಲಿ ಇಟ್ಟ ಬ್ಲೂಟೂತ್ ಸ್ಪೀಕರಿನದು.

ನಿಮಿಷಕ್ಕೆ 120 ಪೆಟ್ಟು ಇರುವ ಹಾಡಿನಲ್ಲಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ 500 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡ್. ಸ್ಟೆಪ್‌ಮೇನಿಯಾದ ಮಾಮೂಲು ಲೆಕ್ಕದಲ್ಲಿ ಅತ್ಯುತ್ತಮ ಅಂಕ ಬೇಕಾದರೆ ಹೆಜ್ಜೆ ಪೆಟ್ಟಿನಿಂದ ಹಿಂದೆ ಮುಂದೆ 22.5 ಮಿಲಿಸೆಕೆಂಡಿನೊಳಗೆ ಬೀಳಬೇಕು. 45ರೊಳಗೆ ಬಿದ್ದರೆ ಎರಡನೆಯ ದರ್ಜೆ, 90ರೊಳಗೆ ಮೂರನೆಯದು. ಬ್ಲೂಟೂತ್ ಸ್ಪೀಕರ್ ಮಾಮೂಲಾಗಿ 100ರಿಂದ 300 ಮಿಲಿಸೆಕೆಂಡ್ ತಡವಾಗಿ ಸದ್ದು ಮಾಡುತ್ತದೆ. ಹಾಡು ಕೇಳುವಾಗ ಅದು ನಮಗೆ ತಿಳಿಯುವುದೇ ಇಲ್ಲ. ಇಲ್ಲಿ ಮಾತ್ರ ನೀವು ಕೇಳಿಸಿಕೊಂಡ ಪೆಟ್ಟಿಗೆ ಸರಿಯಾಗಿಯೇ ಕಾಲೂರಿದರೂ ಆಟದ ಗಡಿಯಾರದಲ್ಲಿ ಆ ಪೆಟ್ಟು ಆಗಲೇ ಕಳೆದುಹೋಗಿರುತ್ತದೆ. ಚೆಂಡೆಯವರು ಅಂಗಳದ ಆಚೆ ತುದಿಯಲ್ಲಿದ್ದು ವೇಷಧಾರಿ ಈಚೆ ಕುಣಿದ ಹಾಗೆ.

ಟಿವಿಯೂ ತಡ ಮಾಡುತ್ತದೆ. ಚಿತ್ರವನ್ನು ಚೆಂದ ಮಾಡಲು ಅದು ಪ್ರತಿ ಚೌಕಟ್ಟನ್ನೂ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿದರೆ ಆ ಅಲಂಕಾರ ಬಿಟ್ಟು ಬೇಗ ತೋರಿಸುತ್ತದೆ. ಮೊಬೈಲ್ ಚಿತ್ರವನ್ನು ವೈಫೈಯಲ್ಲಿ ಟಿವಿಗೆ ಕಳಿಸಿ ಆಡುವುದಂತೂ ಆಗದ ಮಾತು.

ಹೊಸ ಪ್ಯಾಡಿಗೆ ದುಡ್ಡು ಹಾಕುವ ಮೊದಲು ಹೀಗೆ ಮಾಡಿ: ಸ್ಪೀಕರನ್ನು ತಂತಿಯಲ್ಲಿ ಸಿಕ್ಕಿಸಿ, ಟಿವಿಗೆ ಎಚ್‌ಡಿಎಂಐ ತಂತಿ ಹಾಕಿ, ಗೇಮ್ ಮೋಡ್ ಒತ್ತಿ, ಒಂದು ಹಾಡು ಆಡಿ. ಇನ್ನೂ ಎಲ್ಲ ಹೆಜ್ಜೆಗಳೂ ಒಂದೇ ಬದಿಗೆ ತಪ್ಪುತ್ತಿದ್ದರೆ ತಂತ್ರಾಂಶದಲ್ಲಿ ಆಟೊಸಿಂಕ್ ಎಂಬ ವ್ಯವಸ್ಥೆ ಇದೆ. ನೀವು ಆಡುತ್ತಿದ್ದಂತೆ ಅದು ನಿಮ್ಮ ಹೆಜ್ಜೆಗಳನ್ನು ನೋಡಿ ಅಷ್ಟು ತಡವನ್ನು ಕಳೆದುಕೊಳ್ಳುತ್ತದೆ. ಯಾವಾಗಲೂ ಒಂದೇ ಅಳತೆಯ ತಡ ಇದ್ದರೆ ಸರಿಮಾಡಬಹುದು. ಒಮ್ಮೆ ಬೇಗ ಒಮ್ಮೆ ತಡ ಎಂದು ಹಾರಾಡುತ್ತಿದ್ದರೆ ಆಗ ಪ್ಯಾಡನ್ನು ಸಂಶಯಿಸಿ.

ಮನೆಯಲ್ಲೇ ಮಾಡುವುದಾದರೆ

ಹೈಸ್ಕೂಲಿನ ಮಗುವೂ ದೊಡ್ಡವರೂ ಕೂತು ಎರಡು ಭಾನುವಾರದಲ್ಲಿ ಮುಗಿಸುವ ಕೆಲಸ ಇದು. ಮಾಡಿದ ಪ್ಯಾಡ್ ಅಗ್ಗದ ಮೆತ್ತನೆಯ ಪ್ಯಾಡಿಗಿಂತ ಚೆನ್ನಾಗಿಯೇ ಆಡುತ್ತದೆ. ಕೆಟ್ಟರೆ ರಿಪೇರಿ ಮಾಡಲು ಬರುತ್ತದೆ ಎನ್ನುವುದು ಅದರ ದೊಡ್ಡ ಗುಣ.

ಅಳತೆ: ಯಂತ್ರಗಳಲ್ಲಿ ಒಂದು ಬಾಣದ ಚೌಕ ಸುಮಾರು 28 ಸೆಂ.ಮೀ. ಮೂರು ಸಾಲು ಮೂರು ಕಂಬ ಹಾಕಿದರೆ ಪೂರ್ತಿ ಪ್ಯಾಡ್ ಸುಮಾರು 85 ಸೆಂ.ಮೀ. ಚೌಕ. ಎಂಟಕ್ಕೆ ನಾಲ್ಕು ಅಡಿಯ ಪ್ಲೈವುಡ್ ಹಲಗೆಯ ಅರ್ಧದಲ್ಲಿ ತಳಪಾಯ ಬಂದು ತುಂಡು ಉಳಿಯುತ್ತದೆ. ಆಚಾರಿಗಳ ಹತ್ತಿರ ಬೇರೆ ಕೆಲಸದಲ್ಲಿ ಉಳಿದ ತುಂಡುಗಳಿದ್ದರೆ ಇನ್ನೂ ಒಳ್ಳೆಯದು. ತಳಕ್ಕೆ 18 ಮಿ.ಮೀ. ದಪ್ಪ ಬೇಕು. ಐಎಸ್ 710 ಎಂದು ಮುದ್ರೆ ಇರುವ ಮೆರೈನ್ ಪ್ಲೈ ಆದರೆ ತೇವಕ್ಕೆ ಉಬ್ಬುವುದಿಲ್ಲ. ಮಾಮೂಲು ಪ್ಲೈ ಆದರೆ ಅಂಚುಗಳಿಗೆ ಎರಡು ಕೋಟ್ ಪೇಂಟ್ ಅಥವಾ ವಾರ್ನಿಷ್ ಕುಡಿಸಲೇಬೇಕು, ಜುಲೈಯಲ್ಲಿ ನೀರು ಕುಡಿಯುವುದು ಅಂಚಿನಿಂದಲೇ.

ನಾಲ್ಕು ಮೂಲೆ ಮತ್ತು ನಡುವಿನ ಚೌಕದಲ್ಲಿ ಪ್ಲೈ ತುಂಡುಗಳನ್ನು ಸ್ಕ್ರೂ ಹಾಕಿ ಗಟ್ಟಿಯಾಗಿ ಕೂರಿಸಿ. ಉಳಿದ ನಾಲ್ಕು ತಗ್ಗು ಬಾಣದ ಜಾಗ. ಮೂಲೆಯ ತುಂಡುಗಳು ಬಾಣದ ಹಲಗೆಗಿಂತ ತುಸು ಎತ್ತರದಲ್ಲಿ ಇರಲಿ. ಆಡುವಾಗ ಕಣ್ಣು ಪರದೆಯ ಮೇಲೆ ಇರುತ್ತದೆ, ಬಾಣದ ಅಂಚನ್ನು ಕಾಲೇ ತಡಕಿ ತಿಳಿಯಬೇಕು.

ಈಗ ಸ್ವಿಚ್ಚು. ಇಂಟರ್‌ನೆಟ್ಟಿನ ವಿಡಿಯೊಗಳು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ ಎನ್ನುತ್ತವೆ. ಒಂದು ಸಂಜೆಯ ಆಟಕ್ಕೆ ಅದು ಸರಿ. ಆದರೆ ಫಾಯಿಲ್ ಹರಿಯುತ್ತದೆ, ಮತ್ತು ಅಲ್ಯೂಮಿನಿಯಮ್ಮಿಗೆ ಮಾಮೂಲು ಬೆಸುಗೆ ಹಿಡಿಯುವುದಿಲ್ಲ. ತಾಮ್ರದ ತಂತಿಯನ್ನು ಸುಮ್ಮನೆ ಒತ್ತಿ ಟೇಪ್ ಹಾಕಿದರೆ ತೇವದ ಗಾಳಿಗೆ ಆ ಎರಡು ಲೋಹಗಳು ಸೇರಿದ ಜಾಗದಲ್ಲೇ ತುಕ್ಕಿನಂಥ ಬಿಳಿ ಪುಡಿ ಕಟ್ಟಿ ಸಂಪರ್ಕ ತಪ್ಪುತ್ತದೆ. ನಾವು ಸೂಚಿಸುವುದು ಖಾಲಿ ಎಣ್ಣೆ ಡಬ್ಬದ ತಗಡು. ಅದಕ್ಕೆ ತವರದ ಲೇಪವಿರುವುದರಿಂದ ಬೆಸುಗೆ ಚೆನ್ನಾಗಿ ಕೂರುತ್ತದೆ. ಡಬ್ಬವನ್ನು ಸಾಬೂನಿನಲ್ಲಿ ತೊಳೆದು, ತುಂಡು ಮಾಡಿ, ಬಣ್ಣವಿಲ್ಲದ ಒಳಮೈ ಒಂದಕ್ಕೊಂದು ಎದುರಾಗುವಂತೆ ಇಡಿ. ಒಳಮೈಗೆ ಲ್ಯಾಕರ್ ಬಳಿದ ಡಬ್ಬಗಳೂ ಇರುತ್ತವೆ. ಮಲ್ಟಿಮೀಟರಿನ ಮುಳ್ಳು ತಾಗಿಸಿದರೆ ಕರೆಂಟು ದಾಟುತ್ತದಾ ಎಂದು ಗೊತ್ತಾಗುತ್ತದೆ. ದಾಟದಿದ್ದರೆ ಮರಳು ಕಾಗದದಲ್ಲಿ ಉಜ್ಜಿ. ತಗಡಿನ ಅಂಚು ಕತ್ತಿಯಂತೆ ಇರುತ್ತದೆ. ಅರದಿಂದ ಉಜ್ಜಿ, ಸುತ್ತ ಇನ್ಸುಲೇಶನ್ ಟೇಪ್ ಹಾಕಿ. ಈ ಕೆಲಸ ದೊಡ್ಡವರೇ ಮಾಡಬೇಕು.

ಒಂದು ತಗಡು ತಳಪಾಯದ ತಗ್ಗಿಗೆ ಅಂಟುತ್ತದೆ, ಇನ್ನೊಂದು ಮೇಲಿನ ಹಲಗೆಯ ಅಡಿಗೆ. ನಡುವೆ ಅಂಚಿನುದ್ದಕ್ಕೂ ಬಾಗಿಲಿನ ಸಂದಿಗೆ ಹಾಕುವ 3 ಮಿ.ಮೀ.ಯ ಫೋಮ್ ಟೇಪ್. ಪ್ಯಾಡಿನ ಗುಣವೆಲ್ಲ ಇರುವುದು ಈ ಫೋಮಿನಲ್ಲಿ. ತೆಳುವಾದರೆ ಕಾಲೆತ್ತಿದರೂ ತಗಡುಗಳು ಬಿಡುವುದಿಲ್ಲ, ದಪ್ಪವಾದರೆ ಗುದ್ದಿ ತುಳಿಯಬೇಕಾಗುತ್ತದೆ. ಗುದ್ದಿ ತುಳಿಯುವುದು ಮಂಡಿಗೂ ಕೆಟ್ಟದ್ದು. ಹಲಗೆಯ ನಾಲ್ಕು ಮೂಲೆಗಳಲ್ಲೂ ಒಂದೇ ಬಲಕ್ಕೆ ತಾಗುವವರೆಗೆ ಟೇಪನ್ನು ಅಲ್ಲಲ್ಲಿ ಕಡಿಯುತ್ತಾ ಹೊಂದಿಸಿ. ಎರಡನೆಯ ಭಾನುವಾರ ಪೂರ್ತಿ ಇದಕ್ಕೇ ಹೋಗುತ್ತದೆ, ಬೇಸರ ಬೇಡ. ಕೆಲವು ತಿಂಗಳಿಗೆ ಫೋಮ್ ಚಪ್ಪಟೆಯಾದಾಗ ಮತ್ತೆ ಹಾಕಬೇಕು.

ಮೇಲಿನ ಹಲಗೆಗೆ 9 ಮಿ.ಮೀ. ಪ್ಲೈ ಸಾಕು. ಪಾರದರ್ಶಕ ಬೇಕೆಂದರೆ ಪಾಲಿಕಾರ್ಬೊನೇಟ್ ತನ್ನಿ. ನೋಡಲು ಹಾಗೇ ಇರುವ ಅಕ್ರಿಲಿಕ್ ಬೇಡ, ಅದು ಒಡೆದಾಗ ಚೂಪು ಚೂರಾಗುತ್ತದೆ. ಹಳೆಯ ಫ್ಲೆಕ್ಸ್ ಬ್ಯಾನರನ್ನು ಮೇಲೆ ಹೊದಿಸುವವರಿದ್ದಾರೆ. ಬೆವರು ಬಿದ್ದರೆ ಅದು ಜಾರುತ್ತದೆ, ನಮಗೆ ಒಪ್ಪಿಗೆಯಿಲ್ಲ.

ಇನ್ನು ಬೋರ್ಡು. ಆರ್ಡುಯಿನೊ ಎಂದು ಕೇಳಿದರೆ ಅಂಗಡಿಯವರು ಮೊದಲು ಕೊಡುವುದು ಊನೊ. ಅದು ಕಂಪ್ಯೂಟರಿಗೆ ತನ್ನಷ್ಟಕ್ಕೆ ಕೀಬೋರ್ಡ್ ಎಂದು ಹೇಳಿಕೊಳ್ಳಲಾರದು. ಬೇಕಾದದ್ದು ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ. ಎರಡರಲ್ಲೂ ಯುಎಸ್‌ಬಿ ಚಿಪ್ಪಿನೊಳಗೇ ಇದೆ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ಕೆಳಗಿನ ನಾಲ್ಕೂ ತಗಡುಗಳಿಗೆ ಒಂದೇ ತಂತಿ ಹಾಕಿ ಬೋರ್ಡಿನ ಗ್ರೌಂಡಿಗೆ ಕೊಡಿ. ಮೇಲಿನ ಒಂದೊಂದು ತಗಡಿಗೂ ಬೇರೆ ತಂತಿ, ಅವು 2, 3, 4, 5ನೇ ಪಿನ್ನಿಗೆ. ಪ್ರೋಗ್ರಾಮಿನಲ್ಲಿ ಒಳಗಿನ ಪುಲ್‌ಅಪ್ ಚಾಲೂ ಮಾಡಿ, ಪಿನ್ ಗ್ರೌಂಡಿಗೆ ತಾಗಿದಾಗ ಬಾಣದ ಕೀಲಿ ಒತ್ತು, ಬಿಟ್ಟಾಗ ಬಿಡು ಎಂದು ಬರೆದರೆ ಮುಗಿಯಿತು. ಲೋಹಗಳು ತಾಗುವಾಗ ಕ್ಷಣ ಮಾತ್ರ ಪುಟಿಯುತ್ತವೆ, ಒಂದೇ ಹೆಜ್ಜೆ ಎರಡಾಗಿ ದಾಖಲಾಗಬಹುದು. ಒಮ್ಮೆ ಬದಲಾದ ಮೇಲೆ 5 ಮಿಲಿಸೆಕೆಂಡ್ ಇನ್ನೊಂದು ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಸೇರಿಸಿ.

ಹಳೆಯ ಕೀಬೋರ್ಡ್ ಬಿಚ್ಚಿ ಅದರ ಬೋರ್ಡಿಗೆ ತಂತಿ ಹಾಕಿದರೆ ಖರ್ಚೇ ಇಲ್ಲ ಎನ್ನುವವರೂ ಇದ್ದಾರೆ. ಆಗುತ್ತದೆ. ಆದರೆ ಕೀಬೋರ್ಡಿನ ಒಳಗೆ ಕೀಲಿಗಳು ಸಾಲು-ಕಂಬದ ಜಾಲದಲ್ಲಿ ಇರುತ್ತವೆ, ಮೂರು ಒಟ್ಟಿಗೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ಕಾಣಬಹುದು, ಬಾಣ ಹಿಡಿದು ನಿಲ್ಲುವ ಹಾಡುಗಳಲ್ಲಿ ತಲೆನೋವು.

ಮುಗಿದ ಮೇಲೆ ಆಟ ತೆರೆಯುವ ಮೊದಲು ತಂತ್ರಾಂಶದ ಕೀಲಿ ಪರೀಕ್ಷೆಯ ಪುಟಕ್ಕೆ ಹೋಗಿ. ಪ್ರತಿ ಬಾಣದ ನಾಲ್ಕು ಮೂಲೆ, ನಡು, ಎಲ್ಲ ತುಳಿದು ನೋಡಿ. ಒಂದನ್ನು ಹತ್ತು ಸೆಕೆಂಡ್ ಹಿಡಿದು ನಿಲ್ಲಿ, ನಡುವೆ ಕಡಿಯಬಾರದು. ನಡುವಿನ ಚೌಕದಲ್ಲಿ ಹಾರಿ. ಬಾಣಗಳು ತಾವಾಗಿ ಒತ್ತಿಕೊಳ್ಳಬಾರದು.

ಮಂಡಿ, ಹಿಮ್ಮಡಿ, ಅಜ್ಜಿ

"ಹಾರಿ ಹಾರಿ ಮಂಡಿ ಸವೆಯುತ್ತದೆ" ಎಂಬುದೂ ಒಂದು ಫಾರ್ವರ್ಡ್. ಆರೋಗ್ಯವಂತ ಮಗುವಿಗೆ ಈ ಮಾತು ಹೊಂದುವುದಿಲ್ಲ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ನೋವು ಬರುವುದು ಬೇರೆ ಕಾರಣಕ್ಕೆ: ಮೊದಲ ದಿನವೇ ಎರಡು ಗಂಟೆ ಆಡುವುದು, ಸಿಮೆಂಟ್ ನೆಲದ ಮೇಲೆ ತೆಳು ಚಾಪೆ ಹಾಸಿ ಹಿಮ್ಮಡಿ ಬಡಿಯುವುದು. ಹೆಜ್ಜೆಯನ್ನು ಅಂಗಾಲಿನ ಮುಂಭಾಗದಲ್ಲಿ ಮೆಲ್ಲಗೆ ಇಡಬೇಕು. ಗಟ್ಟಿ ಪ್ಯಾಡಿನ ಮೇಲೆ ಕ್ಯಾನ್ವಾಸ್ ಶೂ ಒಳ್ಳೆಯದು, ಮೆತ್ತನೆಯದಕ್ಕೆ ಬರಿಗಾಲು. ಬರೀ ಕಾಲುಚೀಲ ಹಾಕಿ ಯಾವುದರ ಮೇಲೂ ಬೇಡ.

ಮಂಡಿನೋವು, ಹೃದಯದ ತೊಂದರೆ, ತಲೆಸುತ್ತು ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಹಾರಬಾರದು. ಮಿಂಚುವ ಬೆಳಕಿಗೆ ಅಪಸ್ಮಾರ ಬರುವ ಇತಿಹಾಸ ಇರುವ ಮಕ್ಕಳನ್ನು ಈ ಆಟದಿಂದ ದೂರ ಇಡಿ.

ಹಾಗೆಂದು ಅಜ್ಜ ಅಜ್ಜಿಯರಿಗೆ ಇದು ಸಲ್ಲದು ಎಂದೇನಿಲ್ಲ. ಆಸ್ಟ್ರೇಲಿಯಾದಲ್ಲಿ 65 ದಾಟಿದ 769 ಮಂದಿಯ ಮೇಲೆ ನಡೆದ ಪ್ರಯೋಗವೊಂದು 2024ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಯಲ್ಲೇ ಹೆಜ್ಜೆಯ ಚಾಪೆಯ ಮೇಲೆ ಆಟ ಆಡಿದವರು, ಆಡದವರಿಗೆ ಹೋಲಿಸಿದರೆ, ಒಂದು ವರ್ಷದಲ್ಲಿ ಬೀಳುವುದು ಶೇ. 26ರಷ್ಟು ಕಡಿಮೆಯಾಗಿತ್ತು. ಕೂತಲ್ಲೇ ಮೆದುಳಿನ ಆಟ ಆಡಿದವರಲ್ಲಿ ಅಂಥ ಲಾಭ ಸ್ಪಷ್ಟವಾಗಿ ಕಾಣಲಿಲ್ಲ. ಅವರು ಬಳಸಿದ್ದು ಹಿರಿಯರಿಗಾಗಿಯೇ ಮಾಡಿದ ಸಮತಟ್ಟಾದ ಚಾಪೆ, ನಿಧಾನದ ಆಟ. ಮೊಮ್ಮಗನ ಪ್ಯಾಡಿನ ಮೇಲೆ 150ರ ವೇಗದ ಹಾಡಲ್ಲ. ಮನೆಯಲ್ಲಿ ಪ್ರಯತ್ನಿಸುವುದಾದರೆ ಅತಿ ನಿಧಾನದ ಹಾಡು, ಹಾರುವುದು ಬೇಡ, ಹಿಡಿದುಕೊಳ್ಳಲು ಮುಂದೆ ಗಟ್ಟಿಯಾದ ಕುರ್ಚಿಯ ಬೆನ್ನು, ಪಕ್ಕದಲ್ಲಿ ಒಬ್ಬರು. ಮೂಲೆಯ ತುಂಡುಗಳು ಎತ್ತರವಿರುವ ನಮ್ಮ ಮರದ ಪ್ಯಾಡ್ ಅವರಿಗೆ ಬೇಡ, ಎಡವಿ ಬೀಳುತ್ತಾರೆ.

ನಮ್ಮ ಹಾಡು ಹಾಕಬಹುದಾ?

ಹಾಕಬಹುದು. ನಿಮ್ಮಲ್ಲಿರುವ ಯಾವ ಹಾಡಿಗೂ ನಿಮಿಷಕ್ಕೆ ಎಷ್ಟು ಪೆಟ್ಟು, ಮೊದಲ ಪೆಟ್ಟು ಎಲ್ಲಿ ಎಂದು ತಿಳಿಸಿ ಬಾಣಗಳನ್ನು ಜೋಡಿಸಲು ಸ್ಟೆಪ್‌ಮೇನಿಯಾದಲ್ಲೇ ಸಂಪಾದಕ ಇದೆ. ಸಿನಿಮಾ ಹಾಡುಗಳು ಸುಲಭ. ಕಂಪ್ಯೂಟರಿನಲ್ಲಿ ಕಟ್ಟಿದ ತಾಳ ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿರುತ್ತದೆ. ಯಕ್ಷಗಾನದ ಪದ ಹಾಕಲು ಹೊರಟರೆ ಕಷ್ಟ ಗೊತ್ತಾಗುತ್ತದೆ. ಭಾಗವತರು ಸಂದರ್ಭ ನೋಡಿ ಕಾಲವನ್ನು ಏರಿಸುತ್ತಾರೆ, ಇಳಿಸುತ್ತಾರೆ, ಚೆಂಡೆ ಮದ್ದಳೆ ಅವರನ್ನು ಹಿಂಬಾಲಿಸುತ್ತವೆ. ಒಂದು ಸಂಖ್ಯೆ ಕೊಟ್ಟು ಕೂತರೆ ಎರಡನೆಯ ಸಾಲಿಗೇ ಬಾಣ ತಪ್ಪುತ್ತದೆ. ಸಾಲು ಸಾಲಿಗೂ ವೇಗ ಬದಲಿಸಿ ಗುರುತು ಹಾಕಬೇಕು. ಏಳು ಪೆಟ್ಟಿನ ಮಿಶ್ರ ಚಾಪು ಆದರೂ ಹಾಕಲು ಅಡ್ಡಿಯಿಲ್ಲ, ಸಂಪಾದಕ ನಾಲ್ಕು ನಾಲ್ಕರ ಗೆರೆ ತೋರಿಸುತ್ತಿದ್ದರೆ ಅದನ್ನು ಲೆಕ್ಕಿಸದಿದ್ದರಾಯಿತು. ಈ ಪ್ಯಾಡ್ ಆಡಿದರೆ ಹೆಜ್ಜೆಗಾರಿಕೆ ಬರುತ್ತದಾ ಎಂದು ಕೇಳುವವರಿಗೆ: ಕಾಲು ಪೆಟ್ಟಿಗೆ ಸರಿಯಾಗಿ ಬೀಳುವುದು ಅಭ್ಯಾಸವಾಗುತ್ತದೆ. ಕೈ, ಮುಖ, ಅಭಿನಯ, ಯಾವುದನ್ನೂ ಪ್ಯಾಡ್ ನೋಡುವುದಿಲ್ಲ.

ಮಳೆಗಾಲದಲ್ಲಿ ಇಡುವುದು

ಆಡಿ ಮುಗಿದ ಮೇಲೆ ಯುಎಸ್‌ಬಿ ಕಿತ್ತು, ಒಣ ಬಟ್ಟೆಯಲ್ಲಿ ಬೆವರು ಒರೆಸಿ, ಮರದ ಪ್ಯಾಡನ್ನು ಗೋಡೆಗೆ ಒರಗಿಸಿ ಇಡಿ. ಹೊರಗೋಡೆಗೆ ಬೇಡ, ಅದು ಜುಲೈ ಪೂರ್ತಿ ತೇವವಾಗಿರುತ್ತದೆ. ಅಡುಗೆಮನೆಯ ಒಲೆಯ ಹಿಂಬದಿಯ ಗೋಡೆ ಒಣಗಿರುತ್ತದೆ. ಮೆತ್ತನೆಯ ಪ್ಯಾಡಿನ ಸುರುಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೆ ಬೂಸ್ಟು ಹಿಡಿಯುತ್ತದೆ. ನೀರು ಬಿದ್ದರೆ ಪೂರ್ತಿ ಒಣಗುವವರೆಗೆ, ಅಂದರೆ ಫ್ಯಾನಿನ ಕೆಳಗೆ ಕನಿಷ್ಠ ಒಂದು ದಿನ, ಕಂಪ್ಯೂಟರಿಗೆ ಸಿಕ್ಕಿಸಬೇಡಿ. ಒಂದು ಬಾಣ ತಾನಾಗಿ ಒತ್ತಿಕೊಂಡೇ ಇದ್ದರೆ ಒಳಗೆ ತೇವ ಉಳಿದಿದೆ ಎಂದರ್ಥ. ಮರದ ಪ್ಯಾಡಾದರೆ ಆ ಹಲಗೆ ಬಿಚ್ಚಿ ತಗಡನ್ನು ಒರೆಸಿ, ಫೋಮ್ ಟೇಪ್ ಬದಲಿಸಿ.